ಅಪೋಫಿಸ್ (ಕ್ಷುದ್ರಗ್ರಹ)

ಅಪೋಫಿಸ್ ಎಂಬುದು ಭೂಮಿಯ ಸಮೀಪಕ್ಕೆ ಬಂದುಹೋಗುವ ಒಂದು ಚಿಕ್ಕ ಕ್ಷುದ್ರಗ್ರಹ. ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಇದರ ಪೂರ್ಣ ಹೆಸರು 99942 ಅಪೋಫಿಸ್. ಹೆಸರಿಡುವ ಮೊದಲು ಇದಕ್ಕೆ 2004 ಎಂಎನ್4 ಎಂಬ ತಾತ್ಕಾಲಿಕ ಗುರುತು ಇತ್ತು. ಇದರ ಸರಾಸರಿ ವ್ಯಾಸ ಸುಮಾರು 340 ಮೀಟರ್. 2004ರ ಡಿಸೆಂಬರ್ ತಿಂಗಳಲ್ಲಿ ನಡೆದ ಲೆಕ್ಕಾಚಾರಗಳು ಈ ಕಾಯವು 2029ರ ಏಪ್ರಿಲ್ 13ರಂದು ಭೂಮಿಗೆ ಅಪ್ಪಳಿಸುವ ಸಂಭವ ಶೇಕಡಾ 2.7ರಷ್ಟಿದೆ ಎಂದು ತೋರಿಸಿದ್ದರಿಂದ ಇದು ಜಗತ್ತಿನ ಗಮನ ಸೆಳೆಯಿತು. ಕೆಲವೇ ದಿನಗಳಲ್ಲಿ ಆ ಅಪಾಯ ಇಲ್ಲವೆಂದು ಖಚಿತವಾಯಿತು. ಆದರೆ ಮುಂದಿನ ವರ್ಷಗಳ ಬಗೆಗಿನ ಸಂದೇಹಗಳು ಪೂರ್ಣವಾಗಿ ನಿವಾರಣೆಯಾಗಲು 2021ರವರೆಗೆ ಕಾಯಬೇಕಾಯಿತು. ಇಂದಿನ ತಿಳಿವಳಿಕೆಯ ಪ್ರಕಾರ ಕನಿಷ್ಠ ಮುಂದಿನ 100 ವರ್ಷಗಳ ಕಾಲ ಅಪೋಫಿಸ್‌ನಿಂದ ಭೂಮಿಗೆ ಯಾವ ಅಪಾಯವೂ ಇಲ್ಲ.

2029ರ ಏಪ್ರಿಲ್ 13ರಂದು ಇದು ಭೂಮಿಯ ಮೇಲ್ಮೈಯಿಂದ ಸುಮಾರು 31,600 ಕಿ.ಮೀ. ದೂರದಲ್ಲಿ ಹಾದುಹೋಗಲಿದೆ. ಭೂಸ್ಥಿರ ಉಪಗ್ರಹಗಳು ಇರುವ ಎತ್ತರಕ್ಕಿಂತಲೂ ಇದು ಕಡಿಮೆ. ಇಷ್ಟು ದೊಡ್ಡ ಕಾಯವೊಂದು ಇಷ್ಟು ಹತ್ತಿರ ಬರುವುದನ್ನು ಮೊದಲೇ ತಿಳಿದು, ಸಿದ್ಧತೆ ಮಾಡಿಕೊಂಡು ನೋಡುವ ಅವಕಾಶ ಮನುಷ್ಯನಿಗೆ ಹಿಂದೆ ಒದಗಿರಲಿಲ್ಲ.

ಸಂಕ್ಷಿಪ್ತ ವಿವರ

ಆವಿಷ್ಕಾರದ ದಿನ: 2004ರ ಜೂನ್ 19
ಆವಿಷ್ಕರಿಸಿದವರು: ರಾಯ್ ಟಕರ್, ಡೇವಿಡ್ ಥೋಲೆನ್, ಫ್ಯಾಬ್ರಿಜಿಯೊ ಬರ್ನಾರ್ಡಿ
ಸ್ಥಳ: ಕಿಟ್ ಪೀಕ್ ವೀಕ್ಷಣಾಲಯ, ಅರಿಜೋನಾ, ಅಮೆರಿಕ
ವರ್ಗ: ಏಟೆನ್ (2029ರ ನಂತರ ಅಪೊಲೊ)
ಸೂರ್ಯನ ಸುತ್ತ ಪರಿಭ್ರಮಣ ಅವಧಿ: ಸುಮಾರು 324 ದಿನಗಳು
ಸೂರ್ಯನಿಂದ ಕನಿಷ್ಠ ದೂರ: 0.746 ಖಗೋಳ ಮಾನ
ಸೂರ್ಯನಿಂದ ಗರಿಷ್ಠ ದೂರ: 1.099 ಖಗೋಳ ಮಾನ
ಸರಾಸರಿ ವ್ಯಾಸ: ಸುಮಾರು 340 ಮೀಟರ್

ಆವಿಷ್ಕಾರ

ಅಪೋಫಿಸ್ ಮೊದಲ ಬಾರಿಗೆ ಗುರುತಿಸಲ್ಪಟ್ಟದ್ದು 2004ರ ಜೂನ್ 19ರಂದು. ಅಮೆರಿಕದ ಅರಿಜೋನಾ ರಾಜ್ಯದ ಕಿಟ್ ಪೀಕ್‌ನಲ್ಲಿರುವ 2.3 ಮೀಟರ್ ವ್ಯಾಸದ ಬಾಕ್ ದೂರದರ್ಶಕದಿಂದ ರಾಯ್ ಟಕರ್, ಡೇವಿಡ್ ಥೋಲೆನ್ ಮತ್ತು ಫ್ಯಾಬ್ರಿಜಿಯೊ ಬರ್ನಾರ್ಡಿ ಇದನ್ನು ಕಂಡರು. ಅವರು ಹುಡುಕುತ್ತಿದ್ದುದು ಭೂಕಕ್ಷೆಯ ಒಳಭಾಗದಲ್ಲಿ ಹೆಚ್ಚು ಕಾಲ ಕಳೆಯುವ ಕ್ಷುದ್ರಗ್ರಹಗಳನ್ನು. ಇಂತಹ ಕಾಯಗಳು ಆಕಾಶದಲ್ಲಿ ಸೂರ್ಯನಿಂದ ಬಹು ದೂರ ಸರಿಯುವುದಿಲ್ಲವಾದ್ದರಿಂದ ಸಂಜೆಯ ಅಥವಾ ಮುಂಜಾವಿನ ಅಲ್ಪ ಕಾಲದಲ್ಲಿ ಮಾತ್ರ ಅವುಗಳನ್ನು ಹುಡುಕಲು ಸಾಧ್ಯ.

ಎರಡು ರಾತ್ರಿಗಳ ವೀಕ್ಷಣೆಯ ನಂತರ ಈ ಕಾಯ ಕೈತಪ್ಪಿಹೋಯಿತು. ಎರಡು ರಾತ್ರಿಗಳ ಅಳತೆಯಿಂದ ಕಕ್ಷೆಯನ್ನು ನಿಖರವಾಗಿ ನಿರ್ಧರಿಸಲು ಆಗುವುದಿಲ್ಲ. ಆರು ತಿಂಗಳ ಬಳಿಕ, 2004ರ ಡಿಸೆಂಬರ್ 18ರಂದು, ಆಸ್ಟ್ರೇಲಿಯದ ಸೈಡಿಂಗ್ ಸ್ಪ್ರಿಂಗ್ ವೀಕ್ಷಣಾಲಯದಲ್ಲಿ ಗಾರ್ಡನ್ ಗ್ಯಾರಡ್ ಒಂದು ಕ್ಷುದ್ರಗ್ರಹವನ್ನು ಕಂಡರು. ಅದರ ಚಲನೆಯನ್ನು ಹಿಂದಕ್ಕೆ ಲೆಕ್ಕಹಾಕಿದಾಗ ಅದು ಜೂನ್ ತಿಂಗಳಲ್ಲಿ ಕಳೆದುಹೋಗಿದ್ದ ಕಾಯವೇ ಎಂದು ತಿಳಿಯಿತು. ಆ ದಿನಗಳಲ್ಲಿ ಅದು ಭೂಮಿಯಿಂದ ಸುಮಾರು 1.44 ಕೋಟಿ ಕಿ.ಮೀ. ದೂರದಲ್ಲಿ ಹಾದುಹೋಗುತ್ತಿತ್ತು.

ಹೆಸರು

ಕಕ್ಷೆ ಸಾಕಷ್ಟು ನಿಖರವಾಗಿ ತಿಳಿದ ಬಳಿಕ, 2005ರ ಜೂನ್‌ನಲ್ಲಿ ಈ ಕ್ಷುದ್ರಗ್ರಹಕ್ಕೆ 99942 ಎಂಬ ಶಾಶ್ವತ ಸಂಖ್ಯೆಯನ್ನೂ ಜುಲೈನಲ್ಲಿ ಅಪೋಫಿಸ್ ಎಂಬ ಹೆಸರನ್ನೂ ನೀಡಲಾಯಿತು. ಪ್ರಾಚೀನ ಈಜಿಪ್ಟಿನ ಪುರಾಣದಲ್ಲಿ ಅಪೆಪ್ ಎಂಬುದು ಕತ್ತಲೆಯಲ್ಲಿ ವಾಸಿಸುವ ಮಹಾಸರ್ಪ. ರಾತ್ರಿ ಪಾತಾಳಲೋಕದಲ್ಲಿ ಸಾಗುವ ಸೂರ್ಯದೇವ 'ರಾ'ನನ್ನು ನುಂಗಲು ಅದು ಪ್ರತಿದಿನವೂ ಯತ್ನಿಸುತ್ತದೆ. ಅಪೋಫಿಸ್ ಎಂಬುದು ಅದೇ ಸರ್ಪದ ಗ್ರೀಕ್ ರೂಪದ ಹೆಸರು. ಆವಿಷ್ಕಾರಕರಲ್ಲಿ ಟಕರ್ ಮತ್ತು ಥೋಲೆನ್ ಇಬ್ಬರೂ 'ಸ್ಟಾರ್‌ಗೇಟ್ ಎಸ್‌ಜಿ-1' ಎಂಬ ದೂರದರ್ಶನ ಧಾರಾವಾಹಿಯನ್ನು ಮೆಚ್ಚಿದವರು. ಆ ಧಾರಾವಾಹಿಯ ಖಳನಾಯಕನ ಹೆಸರೂ ಅಪೋಫಿಸ್.

ಗಾತ್ರ, ಆಕಾರ ಮತ್ತು ರಚನೆ

ಅಪೋಫಿಸ್‌ನ ಗಾತ್ರದ ಅಂದಾಜು ಕಾಲಕಾಲಕ್ಕೆ ಬದಲಾಗಿದೆ. ದೂರದರ್ಶಕದಲ್ಲಿ ಇದು ಒಂದು ಬೆಳಕಿನ ಚುಕ್ಕೆಯಾಗಿ ಮಾತ್ರ ಕಾಣುವುದರಿಂದ ಗಾತ್ರವನ್ನು ನೇರವಾಗಿ ಅಳೆಯಲು ಬರುವುದಿಲ್ಲ. ಮೇಲ್ಮೈ ಎಷ್ಟು ಬೆಳಕನ್ನು ಪ್ರತಿಫಲಿಸುತ್ತದೆ ಎಂಬುದನ್ನು ತಿಳಿದರೆ ಮಾತ್ರ ಹೊಳಪಿನಿಂದ ಗಾತ್ರವನ್ನು ಊಹಿಸಬಹುದು. 2013ರ ಜನವರಿಯಲ್ಲಿ ಯುರೋಪಿನ ಹರ್ಷೆಲ್ ಬಾಹ್ಯಾಕಾಶ ದೂರದರ್ಶಕವು ಇದರ ಶಾಖವಿಕಿರಣವನ್ನು ಅಳೆಯಿತು. ರೇಡಾರ್ ಪ್ರತಿಧ್ವನಿಗಳ ವಿಶ್ಲೇಷಣೆಯಿಂದ ಸರಾಸರಿ ವ್ಯಾಸ ಸುಮಾರು 340 ಮೀಟರ್ ಎಂಬ ಅಂದಾಜು ದೊರೆತಿದೆ. ಪ್ಯಾರಿಸ್ ನಗರದ 330 ಮೀಟರ್ ಎತ್ತರದ ಐಫೆಲ್ ಗೋಪುರದೊಂದಿಗೆ ಇದನ್ನು ಹೋಲಿಸಬಹುದು.

ಅಪೋಫಿಸ್ ಗೋಲಾಕಾರದಲ್ಲಿಲ್ಲ. ರೇಡಾರ್ ಚಿತ್ರಗಳ ಪ್ರಕಾರ ಇದು ಒಂದು ದಿಕ್ಕಿನಲ್ಲಿ ಉದ್ದವಾಗಿದ್ದು, ಬಹುಶಃ ನಡುವೆ ಸಣ್ಣಗಾದ ಎರಡು ಹಾಲೆಗಳಿಂದ ಕೂಡಿದೆ. ಅಂದರೆ ಸ್ಥೂಲವಾಗಿ ನೆಲಗಡಲೆಯ ಆಕಾರ. ಅತ್ಯಂತ ಉದ್ದದ ಬದಿ ಕನಿಷ್ಠ 450 ಮೀಟರ್ ಇರಬಹುದೆಂದು ಅಂದಾಜಿಸಲಾಗಿದೆ. ಇದು ಒಂದೇ ಅಕ್ಷದ ಮೇಲೆ ಬುಗುರಿಯಂತೆ ಸ್ಥಿರವಾಗಿ ತಿರುಗದೆ ನಿಧಾನವಾಗಿ ಉರುಳಾಡುತ್ತ ಸಾಗುತ್ತದೆ. ಇದರ ಹೊಳಪು ಸುಮಾರು 30.6 ಗಂಟೆಗಳಿಗೊಮ್ಮೆ ಏರಿಳಿಯುವುದು ಈ ಚಲನೆಯ ಫಲ.

ಇದರಿಂದ ಬರುವ ಬೆಳಕಿನ ರೋಹಿತವನ್ನು ಪರೀಕ್ಷಿಸಿದಾಗ, ಅಪೋಫಿಸ್ ಶಿಲಾಮಯ ಕ್ಷುದ್ರಗ್ರಹಗಳ ಗುಂಪಿಗೆ ಸೇರಿದ್ದು, ಎಲ್‌ಎಲ್ ಕಾಂಡ್ರೈಟ್ ಎಂಬ ಬಗೆಯ ಉಲ್ಕಾಶಿಲೆಗಳನ್ನು ಹೋಲುತ್ತದೆ ಎಂದು ಕಂಡುಬಂದಿದೆ. ಇದರ ದ್ರವ್ಯರಾಶಿಯನ್ನು ಯಾರೂ ನೇರವಾಗಿ ಅಳೆದಿಲ್ಲ. ಗಾತ್ರ ಮತ್ತು ಊಹಿತ ಸಾಂದ್ರತೆಯ ಆಧಾರದ ಮೇಲೆ ಅದು 4ರಿಂದ 6 ಕೋಟಿ ಟನ್ ಇರಬಹುದೆಂದು ಲೆಕ್ಕಹಾಕಲಾಗಿದೆ.

ಕಕ್ಷೆ

ಭೂಮಿ ಮತ್ತು ಸೂರ್ಯನ ನಡುವಣ ಸರಾಸರಿ ದೂರ ಸುಮಾರು 15 ಕೋಟಿ ಕಿ.ಮೀ.; ಇದನ್ನು ಒಂದು ಖಗೋಳ ಮಾನ ಎನ್ನುತ್ತಾರೆ. ಅಪೋಫಿಸ್ ಸೂರ್ಯನಿಂದ ಸರಾಸರಿ 0.922 ಖಗೋಳ ಮಾನ ದೂರದಲ್ಲಿ ದೀರ್ಘವೃತ್ತಾಕಾರದ ಪಥದಲ್ಲಿ ಚಲಿಸುತ್ತದೆ. ಪಥವು ವೃತ್ತದಿಂದ ಎಷ್ಟು ಭಿನ್ನವಾಗಿದೆ ಎಂಬುದನ್ನು ತಿಳಿಸುವ ಉತ್ಕೇಂದ್ರತೆ 0.19. ಸೂರ್ಯನಿಗೆ ಅತ್ಯಂತ ಸಮೀಪದ ಬಿಂದುವಾದ ಪುರರವಿಯಲ್ಲಿ ಇದು 0.746 ಖಗೋಳ ಮಾನ ದೂರದಲ್ಲಿರುತ್ತದೆ. ಶುಕ್ರಗ್ರಹದ ಕಕ್ಷೆ ಅಲ್ಲಿಂದ ಸ್ವಲ್ಪವೇ ಒಳಗಿದೆ. ಅತ್ಯಂತ ದೂರದ ಬಿಂದುವಾದ ಅಪರವಿಯಲ್ಲಿ ದೂರ 1.099 ಖಗೋಳ ಮಾನ. ಇದು ಭೂಕಕ್ಷೆಯ ಹೊರಗೆ ಬೀಳುತ್ತದೆ. ಹೀಗಾಗಿ ಅಪೋಫಿಸ್ ಪ್ರತಿ ಸುತ್ತಿನಲ್ಲೂ ಭೂಮಿಯಷ್ಟು ದೂರವನ್ನು ಎರಡು ಬಾರಿ ದಾಟುತ್ತದೆ. ಇದರ ಕಕ್ಷೆಯ ಸಮತಲ ಭೂಕಕ್ಷೆಯ ಸಮತಲಕ್ಕೆ ಕೇವಲ 3.3 ಡಿಗ್ರಿ ಓರೆಯಾಗಿದೆ.

ಭೂಮಿಗಿಂತ ಕಡಿಮೆ ಸರಾಸರಿ ದೂರದಲ್ಲಿ ಸೂರ್ಯನನ್ನು ಸುತ್ತುತ್ತಾ, ಅಪರವಿಯಲ್ಲಿ ಭೂಕಕ್ಷೆಯನ್ನು ದಾಟುವ ಕ್ಷುದ್ರಗ್ರಹಗಳನ್ನು ಏಟೆನ್ ವರ್ಗ ಎನ್ನುತ್ತಾರೆ. ಸರಾಸರಿ ದೂರ ಭೂಮಿಗಿಂತ ಹೆಚ್ಚಿದ್ದು, ಪುರರವಿಯಲ್ಲಿ ಭೂಕಕ್ಷೆಯ ಒಳಗೆ ಬರುವವು ಅಪೊಲೊ ವರ್ಗದವು. ಅಪೋಫಿಸ್ ಈಗ ಏಟೆನ್ ವರ್ಗದಲ್ಲಿದೆ.

ಇದರ ಒಂದು ವರ್ಷ ಸುಮಾರು 324 ದಿನಗಳದ್ದು. ಒಳಪಥದ ಓಟಗಾರನು ಹೊರಪಥದವನನ್ನು ಆಗಾಗ ಹಿಂದಿಕ್ಕುವಂತೆ, ಅಪೋಫಿಸ್ ಸುಮಾರು 7.8 ವರ್ಷಗಳಿಗೊಮ್ಮೆ ಭೂಮಿಯನ್ನು ಹಿಂದಿಕ್ಕುತ್ತದೆ. 2004ರ ಡಿಸೆಂಬರ್, 2013ರ ಜನವರಿ, 2021ರ ಮಾರ್ಚ್ ಮತ್ತು 2029ರ ಏಪ್ರಿಲ್ ಈ ಸರಣಿಯ ಸಮಾಗಮಗಳು. ನಡುವಿನ ವರ್ಷಗಳಲ್ಲಿ ಇದು ದೂರದಲ್ಲಿರುತ್ತದೆ ಅಥವಾ ಸೂರ್ಯನ ಪ್ರಭೆಯಲ್ಲಿ ಮರೆಯಾಗಿರುತ್ತದೆ. ಅಪೋಫಿಸ್ ಕುರಿತ ಹೊಸ ತಿಳಿವಳಿಕೆ ಬಹುಮಟ್ಟಿಗೆ ಎಂಟೆಂಟು ವರ್ಷಗಳ ಅಂತರದಲ್ಲಿ ಬಂದಿರುವುದಕ್ಕೆ ಇದೇ ಕಾರಣ.

2004ರ ಡಿಸೆಂಬರ್‌ನ ಲೆಕ್ಕಾಚಾರಗಳು

ಭೂಮಿಗೆ ಡಿಕ್ಕಿಯಾಗಬಹುದಾದ ಕಾಯಗಳ ಕಕ್ಷೆಗಳನ್ನು ಅಮೆರಿಕದ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ 'ಸೆಂಟ್ರಿ' ವ್ಯವಸ್ಥೆ ಮತ್ತು ಇಟಲಿಯ ಪೀಸಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ 'ನಿಯೊಡಿಸ್' ವ್ಯವಸ್ಥೆ ಪರಸ್ಪರ ಸ್ವತಂತ್ರವಾಗಿ ಲೆಕ್ಕಹಾಕುತ್ತವೆ. ಅಪಾಯದ ಮಟ್ಟವನ್ನು ಜನಸಾಮಾನ್ಯರಿಗೆ ತಿಳಿಸಲು ಟೊರಿನೊ ಮಾಪಕ ಬಳಕೆಯಲ್ಲಿದೆ. ರಿಚರ್ಡ್ ಬಿನ್‌ಜೆಲ್ ರೂಪಿಸಿದ ಈ ಮಾಪಕವನ್ನು 1999ರಲ್ಲಿ ಇಟಲಿಯ ಟೊರಿನೊ ನಗರದಲ್ಲಿ ನಡೆದ ಸಮ್ಮೇಳನ ಅಂಗೀಕರಿಸಿತು. ಇದರಲ್ಲಿ 0 ಎಂದರೆ ಅಪಾಯವಿಲ್ಲ, 10 ಎಂದರೆ ಜಾಗತಿಕ ದುರಂತ ನಿಶ್ಚಿತ. ಡಿಕ್ಕಿಯ ಸಂಭವ ಮತ್ತು ಕಾಯದ ಗಾತ್ರ ಎರಡನ್ನೂ ಸೇರಿಸಿ ಅಂಕ ನೀಡಲಾಗುತ್ತದೆ.

ಡಿಸೆಂಬರ್ 23ರಂದು ಸಂಭವ ಸುಮಾರು 300ರಲ್ಲಿ 1 ಎಂದು ಪ್ರಕಟವಾಯಿತು. ಟೊರಿನೊ ಅಂಕ 2. ಮರುದಿನ ಅದು 62ರಲ್ಲಿ 1ಕ್ಕೆ ಏರಿ, ಅಂಕ 4 ಆಯಿತು. ಡಿಸೆಂಬರ್ 27ರಂದು ಸಂಭವ 37ರಲ್ಲಿ 1, ಅಂದರೆ ಶೇಕಡಾ 2.7ಕ್ಕೆ ಮುಟ್ಟಿತು. ಟೊರಿನೊ ಮಾಪಕದಲ್ಲಿ 4ನೆಯ ಅಂಕ ಪಡೆದ ಕ್ಷುದ್ರಗ್ರಹ ಇದೊಂದೇ. ಇದೇ ದಿನಗಳಲ್ಲಿ, ಡಿಸೆಂಬರ್ 26ರಂದು, ಹಿಂದೂ ಮಹಾಸಾಗರದ ಸುನಾಮಿ ಸಂಭವಿಸಿತು. ಜಗತ್ತಿನ ಗಮನವೆಲ್ಲ ಅತ್ತ ಹರಿದಿದ್ದರಿಂದ ಕ್ಷುದ್ರಗ್ರಹದ ಸುದ್ದಿ ಹಿನ್ನೆಲೆಗೆ ಸರಿಯಿತು.

ಡಿಸೆಂಬರ್ 27ರಂದೇ ಈ ಸಮಸ್ಯೆಗೆ ಉತ್ತರವೂ ಸಿಕ್ಕಿತು, ಅದೂ ಹಳೆಯ ಚಿತ್ರಗಳಲ್ಲಿ. ಅರಿಜೋನಾದ ಸ್ಪೇಸ್‌ವಾಚ್ ತಂಡ 2004ರ ಮಾರ್ಚ್ 15ರಂದು, ಅಂದರೆ ಆವಿಷ್ಕಾರಕ್ಕೂ ಮೂರು ತಿಂಗಳು ಮೊದಲು ತೆಗೆದಿದ್ದ ಚಿತ್ರಗಳಲ್ಲಿ ಈ ಕಾಯದ ಮಸುಕಾದ ಗುರುತು ಪತ್ತೆಯಾಯಿತು. ಆ ಸ್ಥಾನವನ್ನು ಲೆಕ್ಕಕ್ಕೆ ಸೇರಿಸಿದೊಡನೆ 2029ರಲ್ಲಿ ಡಿಕ್ಕಿಯ ಸಾಧ್ಯತೆ ಇಲ್ಲವಾಯಿತು.

ಸಂಭವ ಏರಿ ಇಳಿದ ಕಾರಣ

ಸಂಭವವು ದಿನದಿನಕ್ಕೆ ಏರುತ್ತ ಹೋಗಿ ಒಮ್ಮೆಲೇ ಶೂನ್ಯಕ್ಕೆ ಇಳಿದದ್ದನ್ನು ಕಂಡು, ವಿಜ್ಞಾನಿಗಳು ತಪ್ಪು ಮಾಡಿದರೆಂದೋ ಸತ್ಯವನ್ನು ಮುಚ್ಚಿಟ್ಟರೆಂದೋ ಭಾವಿಸಿದವರಿದ್ದಾರೆ. ವಾಸ್ತವದಲ್ಲಿ ಈ ಏರಿಳಿತ ಕ್ಷುದ್ರಗ್ರಹದ ಪಥ ಬದಲಾದದ್ದರಿಂದ ಆದುದಲ್ಲ. ಆ ಪಥದ ಬಗೆಗಿನ ತಿಳಿವಳಿಕೆ ಬದಲಾದದ್ದರಿಂದ ಆದುದು.

ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. 1,000 ಮೀಟರ್ ಉದ್ದದ ರಸ್ತೆಯಲ್ಲಿ ಎಲ್ಲೋ ಒಂದು ನಾಣ್ಯ ಬಿದ್ದಿದೆ ಎನ್ನೋಣ. ಅದೇ ರಸ್ತೆಯಲ್ಲಿ 10 ಮೀಟರ್ ಉದ್ದದ ಒಂದು ಸೇತುವೆಯಿದೆ. ನಾಣ್ಯ ಸೇತುವೆಯ ಮೇಲೆ ಬಿದ್ದಿರುವ ಸಂಭವ 100ರಲ್ಲಿ 1. ಸೇತುವೆಯಿಲ್ಲದ ಅರ್ಧ ರಸ್ತೆಯನ್ನು ಹುಡುಕಿ, ಅಲ್ಲಿ ನಾಣ್ಯ ಇಲ್ಲವೆಂದು ತಿಳಿದರೆ ಸಂಭವ 50ರಲ್ಲಿ 1 ಆಗುತ್ತದೆ. ಇನ್ನಷ್ಟು ಹುಡುಕಿ, ಸೇತುವೆಯನ್ನೂ ಒಳಗೊಂಡ 400 ಮೀಟರ್ ಮಾತ್ರ ಉಳಿದಾಗ 40ರಲ್ಲಿ 1. ನಾಣ್ಯ ಬಿದ್ದಲ್ಲಿಯೇ ಇದೆ. ಹುಡುಕಬೇಕಾದ ಜಾಗ ಮಾತ್ರ ಕಿರಿದಾಗುತ್ತಿದೆ. ಕೊನೆಗೆ ನಾಣ್ಯ ಸೇತುವೆಯಿಂದಾಚೆ ಸಿಕ್ಕರೆ ಸಂಭವ ಒಮ್ಮೆಲೇ ಶೂನ್ಯವಾಗುತ್ತದೆ.

2029ರಲ್ಲಿ ಅಪೋಫಿಸ್ ಇರಬಹುದಾದ ಸ್ಥಾನಗಳೆಲ್ಲ ಸೇರಿ ಭೂಮಿಯ ನೆರೆಯಲ್ಲಿ ಹಾದುಹೋಗುವ ಉದ್ದವಾದ ಒಂದು ಪಟ್ಟಿಯಾಗಿದ್ದವು. ಭೂಮಿ ಆ ಪಟ್ಟಿಯ ಒಳಗಿತ್ತು. ಹೊಸ ವೀಕ್ಷಣೆಗಳು ಬಂದಂತೆ ಪಟ್ಟಿ ಕುಗ್ಗಿತು, ಅದರಲ್ಲಿ ಭೂಮಿಯ ಪಾಲು ಹೆಚ್ಚಿತು. ಮಾರ್ಚ್ ತಿಂಗಳ ಚಿತ್ರಗಳು ಸಿಕ್ಕಾಗ ಪಟ್ಟಿ ಮತ್ತಷ್ಟು ಕುಗ್ಗಿ, ಭೂಮಿ ಅದರ ಹೊರಗೆ ಉಳಿಯಿತು. 2024ರ ಡಿಸೆಂಬರ್‌ನಲ್ಲಿ ಪತ್ತೆಯಾದ 2024 ವೈಆರ್4 ಎಂಬ ಕ್ಷುದ್ರಗ್ರಹದ ವಿಷಯದಲ್ಲೂ ಹೀಗೆಯೇ ಆಯಿತು. 2032ರಲ್ಲಿ ಅದು ಭೂಮಿಗೆ ಡಿಕ್ಕಿಯಾಗುವ ಸಂಭವ 2025ರ ಫೆಬ್ರವರಿಯಲ್ಲಿ ಶೇಕಡಾ 3.1ಕ್ಕೆ ಏರಿ, ಕೆಲವೇ ದಿನಗಳಲ್ಲಿ ಗಣನೆಗೆ ಬಾರದಷ್ಟು ಇಳಿಯಿತು. ಅದರ ಶೇಕಡಾವಾರು ಸಂಭವ ಅಪೋಫಿಸ್‌ನದಕ್ಕಿಂತ ಹೆಚ್ಚಾಗಿದ್ದರೂ ಗಾತ್ರ ಬಹಳ ಚಿಕ್ಕದಾದ್ದರಿಂದ ಟೊರಿನೊ ಅಂಕ 3ನ್ನು ದಾಟಲಿಲ್ಲ.

ಕೀಲಿರಂಧ್ರ ಮತ್ತು 2036ರ ಪ್ರಶ್ನೆ

2029ರ ಅಪಾಯ ನಿವಾರಣೆಯಾದರೂ ಇನ್ನೊಂದು ಪ್ರಶ್ನೆ ಉಳಿಯಿತು. ಭೂಮಿಗೆ ಇಷ್ಟು ಹತ್ತಿರ ಹಾದುಹೋಗುವ ಕಾಯದ ಪಥವನ್ನು ಭೂಮಿಯ ಗುರುತ್ವ ಬಾಗಿಸುತ್ತದೆ. ಎಷ್ಟು ಬಾಗುತ್ತದೆ ಎಂಬುದು ಹಾದುಹೋಗುವ ದೂರವನ್ನು ಅವಲಂಬಿಸಿದೆ. 2029ರಲ್ಲಿ ಅಪೋಫಿಸ್ ಸುಮಾರು 600 ಮೀಟರ್ ಅಗಲದ ಒಂದು ನಿರ್ದಿಷ್ಟ ಜಾಗದ ಮೂಲಕ ಹಾದುಹೋದರೆ, ಅದರ ಹೊಸ ಕಕ್ಷೆ 2036ರ ಏಪ್ರಿಲ್ 13ರಂದು ಅದನ್ನು ಭೂಮಿಗೆ ತಂದು ಅಪ್ಪಳಿಸುವಂತಿತ್ತು. ಇಂತಹ ಕಿರಿದಾದ ಜಾಗವನ್ನು ಗುರುತ್ವದ ಕೀಲಿರಂಧ್ರ ಎನ್ನುತ್ತಾರೆ.

2005ರ ಜನವರಿಯಲ್ಲಿ ಪೋರ್ಟೊರಿಕೊದ ಅರೆಸಿಬೊ ರೇಡಾರ್ ನಡೆಸಿದ ಅಳತೆಗಳಿಂದ, ಅಪೋಫಿಸ್ 2029ರಲ್ಲಿ ಮೊದಲು ಎಣಿಸಿದ್ದಕ್ಕಿಂತ ಹತ್ತಿರ ಹಾದುಹೋಗುವುದೆಂದು ತಿಳಿಯಿತು. ಕೀಲಿರಂಧ್ರದ ಪ್ರಶ್ನೆ ಹೀಗೆ ಮಹತ್ವ ಪಡೆಯಿತು. ಅಪೊಲೊ 9 ಯಾನದ ಗಗನಯಾತ್ರಿ ರಸ್ಟಿ ಶ್ವೈಕಾರ್ಟ್, ಕ್ಷುದ್ರಗ್ರಹದ ಮೇಲೆ ರೇಡಿಯೊ ಸಾಧನವೊಂದನ್ನು ಇರಿಸಿ ಅದರ ಪಥವನ್ನು ಖಚಿತವಾಗಿ ತಿಳಿಯಬೇಕೆಂದು ನಾಸಾವನ್ನು ಒತ್ತಾಯಿಸಿದರು. 2029ಕ್ಕೆ ಮೊದಲು ಪಥವನ್ನು ಕೀಲಿರಂಧ್ರದಿಂದ ತಪ್ಪಿಸಲು ಅಲ್ಪ ಬಲ ಸಾಕು, ಆನಂತರ ಭೂಮಿಯಿಂದಲೇ ತಪ್ಪಿಸಲು ಬೇಕಾಗುವ ಬಲ ಬಹುಪಾಲು ಹೆಚ್ಚು ಎಂಬುದು ಅವರ ವಾದದ ತಿರುಳು. ಮುಂದಿನ ವೀಕ್ಷಣೆಗಳೇ ಉತ್ತರ ನೀಡಲಿವೆ ಎಂದು ನಾಸಾ ನಿರ್ಧರಿಸಿತು.

ಆ ನಿರ್ಧಾರ ಸರಿಯಾಗಿಯೇ ಪರಿಣಮಿಸಿತು. 2036ರ ಡಿಕ್ಕಿಯ ಸಂಭವವನ್ನು 2009ರ ಅಕ್ಟೋಬರ್‌ನಲ್ಲಿ 45,000ದಲ್ಲಿ 1ರಿಂದ 2,50,000ದಲ್ಲಿ 1ಕ್ಕೆ ಇಳಿಸಲಾಯಿತು. 2013ರ ಜನವರಿ 9ರಂದು ಅಪೋಫಿಸ್ 1.45 ಕೋಟಿ ಕಿ.ಮೀ. ದೂರದಲ್ಲಿ ಹಾದುಹೋದಾಗ ಹೊಸ ಅಳತೆಗಳು ದೊರೆತು, 2036ರ ಸಾಧ್ಯತೆಯನ್ನು ಪ್ರಾಯೋಗಿಕವಾಗಿ ತಳ್ಳಿಹಾಕಲಾಯಿತು.

ಯಾರ್ಕೊವ್‌ಸ್ಕಿ ಪರಿಣಾಮ

ಚಿಕ್ಕ ಕ್ಷುದ್ರಗ್ರಹಗಳ ಕಕ್ಷೆಯನ್ನು ಗುರುತ್ವವೊಂದೇ ನಿರ್ಧರಿಸುವುದಿಲ್ಲ. ಬಿಸಿಲಿಗೂ ಅದರಲ್ಲಿ ಪಾಲಿದೆ. ಕ್ಷುದ್ರಗ್ರಹದ ಹಗಲಿನ ಬದಿ ಕಾಯ್ದು, ತಿರುಗುತ್ತ ಹೋದಂತೆ ಆ ಶಾಖವನ್ನು ಹೊರಸೂಸುತ್ತದೆ. ನಮ್ಮಲ್ಲಿ ನಡುಹಗಲಿಗಿಂತ ಮಧ್ಯಾಹ್ನದ ನಂತರ ನೆಲ ಹೆಚ್ಚು ಕಾಯ್ದಿರುವಂತೆ, ಅಲ್ಲಿಯೂ ಅಪರಾಹ್ನದ ಬದಿಯಿಂದ ಹೆಚ್ಚು ಶಾಖ ಹೊರಹೋಗುತ್ತದೆ. ಹೊರಹೋಗುವ ಶಾಖವು ಕಾಯವನ್ನು ಎದುರು ದಿಕ್ಕಿಗೆ ಅತಿ ಸೂಕ್ಷ್ಮವಾಗಿ ತಳ್ಳುತ್ತದೆ. ರಷ್ಯಾದ ಎಂಜಿನಿಯರ್ ಇವಾನ್ ಯಾರ್ಕೊವ್‌ಸ್ಕಿ ಸುಮಾರು 1900ರಲ್ಲಿ ಈ ವಿಚಾರವನ್ನು ಮುಂದಿಟ್ಟರು.

ಅಪೋಫಿಸ್ ಸೂರ್ಯನನ್ನು ಸುತ್ತುವ ದಿಕ್ಕಿಗೆ ವಿರುದ್ಧವಾಗಿ ತಿರುಗುವುದರಿಂದ ಈ ತಳ್ಳು ಅದರ ಕಕ್ಷೆಯನ್ನು ನಿಧಾನವಾಗಿ ಕುಗ್ಗಿಸುತ್ತದೆ. ಡೇವಿಡ್ ಥೋಲೆನ್ ಮತ್ತು ಸಂಗಡಿಗರು ಹವಾಯಿಯ ಸುಬಾರು ದೂರದರ್ಶಕದ ವೀಕ್ಷಣೆಗಳನ್ನು ಬಳಸಿ, ಈ ಬದಲಾವಣೆ ವರ್ಷಕ್ಕೆ ಸುಮಾರು 170 ಮೀಟರ್ ಎಂದು 2020ರಲ್ಲಿ ಪ್ರಕಟಿಸಿದರು. ಕೋಟಿಗಟ್ಟಲೆ ಕಿಲೋಮೀಟರ್ ಕಕ್ಷೆಯಲ್ಲಿ ಇದು ಅತ್ಯಲ್ಪವೆನಿಸಿದರೂ ದಶಕಗಳ ಕಾಲ ಕೂಡುತ್ತ ಹೋದಾಗ ಕ್ಷುದ್ರಗ್ರಹ ಇರುವ ಸ್ಥಾನವೇ ಬೇರೆಯಾಗುತ್ತದೆ. ಇದನ್ನು ಪರಿಗಣಿಸಿದಾಗ 2068ರ ಡಿಕ್ಕಿಯ ಸಣ್ಣ ಸಾಧ್ಯತೆ, ಲಕ್ಷದಲ್ಲಿ ಒಂದಕ್ಕಿಂತಲೂ ಕಡಿಮೆಯಾದರೂ, ಇನ್ನೂ ಉಳಿದಿತ್ತು.

2021ರ ಅಂತಿಮ ನಿರ್ಣಯ

2021ರ ಮಾರ್ಚ್ ಮೊದಲ ವಾರ ಅಪೋಫಿಸ್ ಭೂಮಿಯಿಂದ ಸುಮಾರು 1.7 ಕೋಟಿ ಕಿ.ಮೀ. ದೂರದಲ್ಲಿ ಹಾದುಹೋಯಿತು. 2020ರ ಡಿಸೆಂಬರ್ 1ರಂದು ಅರೆಸಿಬೊ ದೂರದರ್ಶಕ ಕುಸಿದುಬಿದ್ದಿದ್ದರಿಂದ ಅದರ ನೆರವು ಸಿಗಲಿಲ್ಲ. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿರುವ 70 ಮೀಟರ್ ಆಂಟೆನಾ ರೇಡಾರ್ ಅಲೆಗಳನ್ನು ಕಳುಹಿಸಿತು. ಪಶ್ಚಿಮ ವರ್ಜೀನಿಯಾದ 100 ಮೀಟರ್ ವ್ಯಾಸದ ಗ್ರೀನ್ ಬ್ಯಾಂಕ್ ದೂರದರ್ಶಕವೂ ಪ್ರತಿಧ್ವನಿಗಳನ್ನು ಸ್ವೀಕರಿಸಿತು. ಅಷ್ಟು ದೂರದ ಕಾಯದ ಅಂತರವನ್ನು ಸುಮಾರು 150 ಮೀಟರ್ ನಿಖರತೆಯಲ್ಲಿ ಅಳೆಯಲು ಸಾಧ್ಯವಾಯಿತು.

ಇದರಿಂದ 2029ರ ಸ್ಥಾನದ ಅನಿಶ್ಚಿತತೆ ನೂರಾರು ಕಿಲೋಮೀಟರುಗಳಿಂದ ಕೆಲವೇ ಕಿಲೋಮೀಟರುಗಳಿಗೆ ಇಳಿಯಿತು. ನಾಸಾ 2021ರ ಮಾರ್ಚ್‌ನಲ್ಲಿ 2068ರ ಸಾಧ್ಯತೆಯನ್ನು ತಳ್ಳಿಹಾಕಿ, ಅಪೋಫಿಸ್ ಅನ್ನು ಸೆಂಟ್ರಿ ಅಪಾಯಪಟ್ಟಿಯಿಂದ ತೆಗೆದುಹಾಕಿತು. 17 ವರ್ಷಗಳ ಹಿಂದೆ ಎರಡು ರಾತ್ರಿಗಳ ವೀಕ್ಷಣೆಯಿಂದ ಆರಂಭವಾಗಿದ್ದ ಲೆಕ್ಕ ಹೀಗೆ ಮುಗಿಯಿತು.

2029ರ ಸಮೀಪಾಗಮನ

2029ರ ಏಪ್ರಿಲ್ 13, ಶುಕ್ರವಾರ, ಸಾರ್ವತ್ರಿಕ ಕಾಲಮಾನದ 21 ಗಂಟೆ 46 ನಿಮಿಷಕ್ಕೆ ಅಪೋಫಿಸ್ ಭೂಮಿಗೆ ಅತ್ಯಂತ ಸಮೀಪ ಬರಲಿದೆ. ಭಾರತೀಯ ಕಾಲಮಾನದಲ್ಲಿ ಆಗ ಏಪ್ರಿಲ್ 14, ಶನಿವಾರ ಬೆಳಗಿನ ಜಾವ 3 ಗಂಟೆ 16 ನಿಮಿಷ. ಭೂಮಿಯ ಕೇಂದ್ರದಿಂದ ಅದರ ದೂರ ಸುಮಾರು 38,000 ಕಿ.ಮೀ. ಇದು ಚಂದ್ರನ ಸರಾಸರಿ ದೂರದ ಹತ್ತನೆಯ ಒಂದು ಭಾಗ. ಭೂಸ್ಥಿರ ಉಪಗ್ರಹಗಳು ಭೂಮಿಯಿಂದ 35,786 ಕಿ.ಮೀ. ಎತ್ತರದಲ್ಲಿ, ಸಮಭಾಜಕದ ನೇರಕ್ಕೆ ಸುತ್ತುತ್ತವೆ. ಅಪೋಫಿಸ್ ಸಮಭಾಜಕದ ಸಮತಲವನ್ನು ಆ ಉಪಗ್ರಹಗಳ ಪಥದಿಂದ ಹೊರಗೆ ದಾಟುವುದರಿಂದ ಅವುಗಳಿಗೆ ತಗಲುವ ಭಯವಿಲ್ಲ.

ಆ ವೇಳೆಯಲ್ಲಿ ಅದರ ವೇಗ ಭೂಮಿಗೆ ಸಾಪೇಕ್ಷವಾಗಿ ಸೆಕೆಂಡಿಗೆ ಸುಮಾರು 7.4 ಕಿ.ಮೀ. ಅದರ ಪಥವು ಆಸ್ಟ್ರೇಲಿಯದ ಮೇಲಿನಿಂದ ಆರಂಭಿಸಿ, ಹಿಂದೂ ಮಹಾಸಾಗರ ಮತ್ತು ಆಫ್ರಿಕವನ್ನು ದಾಟಿ, ಅಟ್ಲಾಂಟಿಕ್ ಸಾಗರದ ಕಡೆಗೆ ಸಾಗುತ್ತದೆ. ಯುರೋಪ್, ಆಫ್ರಿಕ ಮತ್ತು ಪಶ್ಚಿಮ ಏಷ್ಯಾದ ಜನರಿಗೆ ಅದು ಚೆನ್ನಾಗಿ ಕಾಣಲಿದೆ. ಗರಿಷ್ಠ ಹೊಳಪಿನಲ್ಲಿ ಅದರ ಕಾಂತಿಮಾನ 3.1 ಇರುತ್ತದೆ. ಕಾಂತಿಮಾನದ ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು; ಬರಿಗಣ್ಣಿಗೆ ಕಾಣುವ ಮಿತಿ ಸುಮಾರು 6. ಆದ್ದರಿಂದ ದೂರದರ್ಶಕದ ನೆರವಿಲ್ಲದೆಯೇ, ನಿಧಾನವಾಗಿ ಚಲಿಸುವ ಸಾಧಾರಣ ನಕ್ಷತ್ರದಂತೆ ಅದನ್ನು ನೋಡಬಹುದು. ಬೆಂಕಿಯ ಉಂಡೆಯಾಗಿ ಅಥವಾ ಬಾಲವುಳ್ಳ ಧೂಮಕೇತುವಾಗಿ ಅದು ಕಾಣುವುದಿಲ್ಲ.

ಈ ಸಮಾಗಮ ಅಪೋಫಿಸ್‌ನ ಕಕ್ಷೆಯನ್ನೇ ಬದಲಿಸುತ್ತದೆ. ಸೂರ್ಯನಿಂದ ಅದರ ಸರಾಸರಿ ದೂರ 0.92ರಿಂದ ಸುಮಾರು 1.10 ಖಗೋಳ ಮಾನಕ್ಕೂ, ಪುರರವಿ 0.75ರಿಂದ 0.89ಕ್ಕೂ, ಅಪರವಿ 1.10ರಿಂದ 1.31ಕ್ಕೂ ಏರುತ್ತದೆ. 324 ದಿನಗಳ ಪರಿಭ್ರಮಣ ಅವಧಿ ಸುಮಾರು 423 ದಿನಗಳಾಗುತ್ತದೆ. ಏಟೆನ್ ವರ್ಗದಿಂದ ಅದು ಅಪೊಲೊ ವರ್ಗಕ್ಕೆ ಸೇರುತ್ತದೆ. ಭೂಮಿಯ ಸೆಳೆತದಿಂದ ಅದರ ತಿರುಗುವಿಕೆಯೂ ಬದಲಾಗಬಹುದು; ಮೇಲ್ಮೈಯ ಕಲ್ಲುಮಣ್ಣು ಅಲ್ಲಲ್ಲಿ ಜಾರಬಹುದು. ಅಪೋಫಿಸ್‌ನ ಗುರುತ್ವ ಅತ್ಯಲ್ಪವಾದ್ದರಿಂದ ಭೂಮಿಯ ಮೇಲೆ ಅದರಿಂದ ಭೂಕಂಪವಾಗಲಿ ಸಮುದ್ರದ ಉಬ್ಬರವಾಗಲಿ ಉಂಟಾಗುವುದಿಲ್ಲ.

ಅಧ್ಯಯನ ಯಾನಗಳು

ಬೆನ್ನು ಎಂಬ ಕ್ಷುದ್ರಗ್ರಹದಿಂದ ಮಾದರಿಗಳನ್ನು ಸಂಗ್ರಹಿಸಿದ ನಾಸಾದ ಒಸೈರಿಸ್-ರೆಕ್ಸ್ ನೌಕೆ, 2023ರ ಸೆಪ್ಟೆಂಬರ್ 24ರಂದು ಅವನ್ನು ಅಮೆರಿಕದ ಯೂಟಾ ಮರುಭೂಮಿಯಲ್ಲಿ ಇಳಿಸಿತು. ನೌಕೆ ಮಾತ್ರ ಬಾಹ್ಯಾಕಾಶದಲ್ಲೇ ಉಳಿದು, ಒಸೈರಿಸ್-ಅಪೆಕ್ಸ್ ಎಂಬ ಹೊಸ ಹೆಸರಿನಲ್ಲಿ ಅಪೋಫಿಸ್‌ನತ್ತ ಹೊರಟಿತು. 2029ರ ಸಮಾಗಮ ಮುಗಿದ ಮೇಲೆ ಅದನ್ನು ತಲುಪಿ, ಸುಮಾರು ಒಂದೂವರೆ ವರ್ಷ ಜೊತೆಯಲ್ಲಿದ್ದು ಮೇಲ್ಮೈಯನ್ನು ಪರೀಕ್ಷಿಸುವುದು ಅದರ ಉದ್ದೇಶ.

ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ರೂಪಿಸಿರುವ ರಾಮ್ಸೆಸ್ ಯಾನದ ಗುರಿ ಬೇರೆ. 2028ರ ಏಪ್ರಿಲ್‌ನಲ್ಲಿ ಹೊರಟು 2029ರ ಫೆಬ್ರವರಿಯಲ್ಲಿ, ಅಂದರೆ ಸಮಾಗಮಕ್ಕೆ ಮೊದಲೇ, ಅಪೋಫಿಸ್ ಅನ್ನು ತಲುಪುವುದು ಅದರ ಯೋಜನೆ. ಭೂಮಿಯನ್ನು ಹಾದುಹೋಗುವ ಮೊದಲು ಮತ್ತು ನಂತರ ಕ್ಷುದ್ರಗ್ರಹ ಹೇಗಿತ್ತು ಎಂಬುದನ್ನು ಹೋಲಿಸಲು ಇದರಿಂದ ಸಾಧ್ಯವಾಗುತ್ತದೆ. ಜಪಾನಿನ ಬಾಹ್ಯಾಕಾಶ ಸಂಸ್ಥೆಯೂ ಇದರಲ್ಲಿ ಸಹಕರಿಸುತ್ತಿದೆ.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಇಸ್ರೊ 2024ರ ಜುಲೈನಲ್ಲಿ ಗ್ರಹರಕ್ಷಣೆ ಕುರಿತು ಕಾರ್ಯಾಗಾರವೊಂದನ್ನು ನಡೆಸಿತು. ಅಪೋಫಿಸ್ ಅಧ್ಯಯನದಲ್ಲಿ ಭಾರತವೂ ಪಾಲ್ಗೊಳ್ಳಬೇಕೆಂಬ ಆಶಯವನ್ನು ಅಂದಿನ ಅಧ್ಯಕ್ಷ ಎಸ್. ಸೋಮನಾಥ್ ವ್ಯಕ್ತಪಡಿಸಿದರು. ವಿಶ್ವಸಂಸ್ಥೆಯು 2029ನೆಯ ವರ್ಷವನ್ನು ಕ್ಷುದ್ರಗ್ರಹ ಅರಿವು ಮತ್ತು ಗ್ರಹರಕ್ಷಣೆಯ ಅಂತಾರಾಷ್ಟ್ರೀಯ ವರ್ಷವೆಂದು ಘೋಷಿಸಿದೆ.

ಡಿಕ್ಕಿಯ ಪರಿಣಾಮದ ಅಂದಾಜು

ಅಪೋಫಿಸ್ ಗಾತ್ರದ ಶಿಲಾಕಾಯ ಸೆಕೆಂಡಿಗೆ ಸುಮಾರು 12.6 ಕಿ.ಮೀ. ವೇಗದಲ್ಲಿ ಭೂಮಿಗೆ ಅಪ್ಪಳಿಸಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1,200 ಮೆಗಾಟನ್ ಟಿಎನ್‌ಟಿ ಸ್ಫೋಟಕ್ಕೆ ಸಮನಾಗುತ್ತದೆ. ನೆಲಕ್ಕೆ ಬಿದ್ದರೆ ಕೆಲವು ಕಿಲೋಮೀಟರ್ ಅಗಲದ ಕುಳಿ ಉಂಟಾಗಿ, ಸುತ್ತಲಿನ ವಿಶಾಲ ಪ್ರದೇಶ ಹಾಳಾಗುತ್ತದೆ. ಇಂತಹ ಕುಳಿಗಳ ಸ್ವರೂಪವನ್ನು ತಿಳಿಯಲು ಮಹಾರಾಷ್ಟ್ರದ ಲೋಣಾರ್ ಸರೋವರ ನೆರವಾಗುತ್ತದೆ. ದಖ್ಖನ್ನಿನ ಕಪ್ಪುಶಿಲೆಯಲ್ಲಿ ಸುಮಾರು 1.8 ಕಿ.ಮೀ. ವ್ಯಾಸದ ಈ ಕುಳಿ ಉಂಟಾದದ್ದು ಕ್ಷುದ್ರಗ್ರಹದ ಅಪ್ಪಳಿಕೆಯಿಂದಲೇ. ಡೈನೋಸಾರ್‌ಗಳ ಅಳಿವಿಗೆ ಕಾರಣವೆನ್ನಲಾದ ಕಾಯ ಸುಮಾರು 10 ಕಿ.ಮೀ. ಗಾತ್ರದ್ದಾಗಿತ್ತು. ಅದಕ್ಕೆ ಹೋಲಿಸಿದರೆ ಅಪೋಫಿಸ್ ಬಹು ಚಿಕ್ಕದು. ಆದ್ದರಿಂದ, ಡಿಕ್ಕಿಯಾಗುತ್ತದೆಂದು ಊಹಿಸಿಕೊಂಡರೂ, ಅದು ಒಂದು ದೇಶಕ್ಕೆ ಭೀಕರ ದುರಂತವಾದೀತೇ ಹೊರತು ಜಗತ್ತಿನ ಅಂತ್ಯವಾಗುವುದಿಲ್ಲ.

ತಪ್ಪು ಕಲ್ಪನೆಗಳು

ಅಪೋಫಿಸ್ ಕುರಿತು 2004ರ ಹಳೆಯ ಅಂಕಿಗಳನ್ನೇ ಹೊಸ ಸುದ್ದಿಯೆಂಬಂತೆ ಹಂಚುವುದು ಈಗಲೂ ಕಂಡುಬರುತ್ತದೆ. ಶೇಕಡಾ 2.7 ಎಂಬ ಸಂಖ್ಯೆ ಆ ದಿನದ ಮಟ್ಟಿಗೆ ಸರಿಯಾಗಿತ್ತು; ಇಂದು ಅದಕ್ಕೆ ಅರ್ಥವಿಲ್ಲ. 2008ರಲ್ಲಿ ಜರ್ಮನಿಯ ಶಾಲಾ ವಿದ್ಯಾರ್ಥಿಯೊಬ್ಬ, ಅಪೋಫಿಸ್ 2029ರಲ್ಲಿ ಕೃತಕ ಉಪಗ್ರಹಕ್ಕೆ ತಗಲಿ ಪಥ ಬದಲಿಸಬಹುದೆಂದು ಲೆಕ್ಕಹಾಕಿ ಡಿಕ್ಕಿಯ ಸಂಭವ 450ರಲ್ಲಿ 1 ಎಂದಿದ್ದ. ನಾಸಾ ಇದನ್ನು ಒಪ್ಪಿದೆ ಎಂದು ಪತ್ರಿಕೆಗಳು ಬರೆದವು. ನಾಸಾ ಕೂಡಲೇ ಅದನ್ನು ನಿರಾಕರಿಸಿತು.

ಹೆಸರಿನಲ್ಲಿರುವ ವಿನಾಶದ ಸರ್ಪ, ಶುಕ್ರವಾರ ಬಿದ್ದಿರುವ 13ನೆಯ ತಾರೀಖು ಇವೂ ಭೀತಿಯ ಕಥೆಗಳಿಗೆ ಇಂಬು ನೀಡಿವೆ. ಕ್ಷುದ್ರಗ್ರಹದ ಪಥವನ್ನು ನಿರ್ಧರಿಸುವುದು ಗುರುತ್ವ ಮತ್ತು ಬಿಸಿಲು, ಅವೆರಡನ್ನೂ ಅಳೆದಾಗಿದೆ. ಅಪೋಫಿಸ್ ಕಾಣದೆ ಕಳೆದುಹೋಗಿದ್ದ ಆರು ತಿಂಗಳು ಅದರ ಬಗ್ಗೆ ಯಾರಿಗೂ ಭಯವಿರಲಿಲ್ಲ. ಕಂಡ ಮೇಲೆ ಭಯ ಹುಟ್ಟಿತು. ಸಾಕಷ್ಟು ಕಂಡ ಮೇಲೆ ಹೋಯಿತು. ಆಕಾಶವನ್ನು ಸತತವಾಗಿ ವೀಕ್ಷಿಸುವ ಕಾರ್ಯಕ್ರಮಗಳ ಅಗತ್ಯವನ್ನು ಈ ಕ್ಷುದ್ರಗ್ರಹದ ಇತಿಹಾಸ ತೋರಿಸಿಕೊಟ್ಟಿದೆ.